ರುಕ್ಮಾಬಾಯಿಯವರ ಏಕಾದಶಿ

ಮನುಷ್ಯ ಹುಟ್ಟಿದಲ್ಲಿಂದ ಸಾಯುವವರೆಗೆ ಹೇಗೆ ಬೆಳೆಯುತ್ತಾನೆ ಎಂದು ತಿಳಿಸುವ ಪುಸ್ತಕವನ್ನು ನಾನು ಓದಲು ಕೂತದ್ದು ನಲವತ್ತು ದಾಟಿದ ಮೇಲೆ. ಓದದೆ ನರ್ಸ್ ಆಗುವ ಹಾಗಿಲ್ಲ, ಕೋರ್ಸಿಗೆ ಅದು ಕಡ್ಡಾಯ. ಕೂಸು ಯಾವಾಗ ನಗುತ್ತದೆ, ಯಾವಾಗ ಕತ್ತು ನಿಲ್ಲಿಸುತ್ತದೆ, ಯಾವಾಗ ಮಗುಚಿಕೊಳ್ಳುತ್ತದೆ ಎಂದು ಹೇಳುವುದಕ್ಕೇ ಅರ್ಧ ಪುಸ್ತಕ ಮುಗಿದಿತ್ತು. ಎರಡು ಹೆತ್ತು ಸಾಕಿದವಳಿಗೆ ಇದನ್ನೆಲ್ಲ ಚಿತ್ರ ಬರೆದು ತೋರಿಸಬೇಕಾ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು. ನನ್ನ ವಯಸ್ಸಿನವರ ಬಗ್ಗೆ ಬರೆದದ್ದಂತೂ ಓದುವುದೇ ಬೇಡ, ಕಣ್ಣು ಮಂಜಾಗುತ್ತದೆ, ಸೊಂಟ ದಪ್ಪವಾಗುತ್ತದೆ, ಇಷ್ಟೇ. ಮುದುಕರಿಗೆ ಕಟ್ಟಕಡೆಗೆ ತೆಳ್ಳಗಿನ ಒಂದು ಅಧ್ಯಾಯ.

ಒಂದೊಂದು ವಯಸ್ಸಿಗೂ ಒಂದೊಂದು ಕೆಲಸವಂತೆ. ಹಸುಳೆಯ ಕೆಲಸ ತಾಯಿಯನ್ನು ನಂಬುವುದು. ಹುಡುಗಾಟದ ವಯಸ್ಸಿನ ಕೆಲಸ ಏನಾದರೊಂದನ್ನು ಸ್ವಂತ ಮಾಡುವುದು. ಕೊನೆಯ ವಯಸ್ಸಿನ ಕೆಲಸ ಹಿಂತಿರುಗಿ ನೋಡಿ, ನಾನು ಬದುಕಿದ್ದು ಸರಿಯಾಗಿತ್ತು ಎಂದುಕೊಳ್ಳುವುದು. ಪಾಠ ಮಾಡುತ್ತಿದ್ದ ಮಿಸೆಸ್ ವಿಟ್‌ಫೀಲ್ಡ್ ಇದನ್ನು ಬೋರ್ಡಿನ ಮೇಲೆ ಬರೆದು, ಎಪ್ಪತ್ತು ದಾಟಿದ ಒಬ್ಬರನ್ನು ಹುಡುಕಿಕೊಳ್ಳಿ, ವಾರಕ್ಕೊಮ್ಮೆ ಹೋಗಿ ಬಿಪಿ ನೋಡಿ, ಅವರ ಕಥೆ ಕೇಳಿ, ಕ್ರಿಸ್ಮಸ್ಸಿನೊಳಗೆ ಬರೆದು ಕೊಡಿ ಎಂದರು. ಕ್ಲಾಸಿನ ಇಪ್ಪತ್ತರ ಹುಡುಗಿಯರಿಗೆಲ್ಲ ಯಾವುದಾದರೂ ನರ್ಸಿಂಗ್ ಹೋಮಿನಲ್ಲಿ ಒಬ್ಬ ಅಜ್ಜಿ ಇದ್ದಳು. ನನ್ನಮ್ಮ ಮಲ್ಪೆಯಲ್ಲಿ ತೀರಿಕೊಂಡು ವರ್ಷಗಳಾಗಿತ್ತು, ಅತ್ತೆ ಊರು ಬಿಟ್ಟು ವಿಮಾನ ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದರು.

"ನಮ್ಮ ಆಫೀಸಿನ ಗುರುರಾಜರ ತಾಯಿ ಬಂದಿದ್ದಾರಲ್ಲ, ಫೇರ್‌ಫ್ಯಾಕ್ಸಲ್ಲಿ. ಕೇಳಿ ನೋಡು," ಎಂದರು ನನ್ನ ಗಂಡ ಪುಂಡಲೀಕ.

ಹೀಗೆ ನಾನು ರುಕ್ಮಾಬಾಯಿಯವರ ಮನೆಗೆ ಹೋದದ್ದು. ಅಕ್ಟೋಬರಿನ ಒಂದು ಸೋಮವಾರ. ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು, ಒಂದೇ ಬಣ್ಣದವು, ಮುಂದಿನ ಹುಲ್ಲಿನಲ್ಲಿ ಎಲೆಕ್ಷನ್ ಬೋರ್ಡುಗಳು. ಗುರುರಾಜನ ಹೆಂಡತಿ ಮಧುರಾ ಬಾಗಿಲು ತೆಗೆದಳು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಹೊರಡುವವರು. ಅವಳು ಸೋಮವಾರ ಮಾತ್ರ ಮಧ್ಯಾಹ್ನ ಬೇಗ ಬರುತ್ತಿದ್ದಳು.

ರುಕ್ಮಾಬಾಯಿಯವರಿಗೆ ಎಪ್ಪತ್ನಾಲ್ಕು. ಸಣ್ಣ ಮೈ, ಹಣೆಯ ಮೇಲೆ ಗೋಪೀಚಂದನ, ಹತ್ತಿ ಸೀರೆಯ ಮೇಲೆ ಮಗನ ಸ್ವೆಟರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನು ಸರ್ಕಾರದೋಳೇನಮ್ಮ?" ಎಂದರು.

"ಅಲ್ಲಮ್ಮ, ಸ್ಟೂಡೆಂಟ್."

"ಈ ವಯಸ್ಸಲ್ಲಾ?"

"ಹೌದಮ್ಮ, ಎಂತ ಮಾಡುದು?"

ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ಮಧುರಾ ಒಳಗೆ ಹೋದದ್ದನ್ನು ನೋಡಿಕೊಂಡು ದನಿ ತಗ್ಗಿಸಿದರು. "ನೋಡು, ಏನು ಬೇಕಾದ್ರೂ ಬರ್ಕೋ. ಕೊನೇಲಿ ಮಾತ್ರ, ಮುದುಕಿ ಚೆನ್ನಾಗಿದಾಳೆ, ಒಬ್ಬಳೇ ಹೋಗ್ತಾಳೆ ಅಂತ ಬರಿ. ಮಾರ್ಚಿಗೆ ಟಿಕೆಟ್ ಇದೆ."

ಸಂಗತಿ ಇಷ್ಟು. ಮೈಸೂರಿನಲ್ಲಿ ಅವರೂ ತಂಗಿ ವೇಣಮ್ಮನೂ ಒಂದು ವಠಾರದಲ್ಲಿ ಜೊತೆಗಿದ್ದರು. ಮಗನನ್ನು ನೋಡಲು ಬಂದವರು ಮಾರ್ಚಿಗೆ ವಾಪಸಾಗಬೇಕು. ಸೆಪ್ಟೆಂಬರಿನಲ್ಲಿ ಒಂದು ದಿನ ನಡೆಯಲು ಹೋದವರಿಗೆ ಮನೆ ಸಿಗದೆ, ಯಾರೋ ಕಾರಿನಲ್ಲಿ ತಂದುಬಿಟ್ಟರು. ಅಂದಿನಿಂದ ಮಗನಿಗೆ ಅನುಮಾನ. ಇನ್ನೊಂದು ಸಲ ಹೀಗಾದರೆ ಕಳಿಸುವುದಿಲ್ಲ ಎಂದಿದ್ದ.

"ಎಲ್ಲ ಮನೇನೂ ಒಂದೇ ಥರ ಕಟ್ಟಿದಾರೆ. ನೀನೇ ಹೇಳು, ಯಾರಿಗೆ ತಪ್ಪಲ್ಲ?" ಎಂದು ಕೇಳಿದರು.

ನನಗೂ ಬರುವಾಗ ತಪ್ಪಿತ್ತು. ಹಾಗೆಂದೆ. ಅವರಿಗೆ ಅಷ್ಟು ಖುಷಿಯಾಯಿತು ಎಂದರೆ ನನ್ನ ಕೈಯನ್ನು ಬಿಡಲೇ ಇಲ್ಲ. ಒಯ್ದಿದ್ದ ಸೇಬನ್ನು ಹೆಚ್ಚಿ ಕೊಡಲು ಹೋದರೆ ಮಾತ್ರ ತಟ್ಟೆಯನ್ನು ಹಿಂದೆ ಸರಿಸಿದರು.

"ಇವತ್ತು ಏಕಾದಶಿ ಕಣಮ್ಮ."

ನಮ್ಮದು ಮೀನುಗಾರರ ಮನೆ. ಏಕಾದಶಿಯ ಕಟ್ಟುಪಾಡು ನಮಗಿಲ್ಲ. ಆದರೂ ಉಡುಪಿಯ ಪಕ್ಕ ಹುಟ್ಟಿದವಳಿಗೆ ಮಾಧ್ವರ ಮನೆಯ ಏಕಾದಶಿ ಎಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಹದಿನೈದು ದಿನಕ್ಕೊಮ್ಮೆ ಪೂರ್ತಿ ಉಪವಾಸ, ಗಟ್ಟಿಗರು ನೀರನ್ನೂ ಮುಟ್ಟುವುದಿಲ್ಲ. ಮರುದಿನ ದ್ವಾದಶಿ, ಬೆಳಗಾಗುತ್ತಲೇ ಪಾರಣೆ, ಅಂದರೆ ಉಪವಾಸ ಬಿಡುವ ಊಟ. ಅದು ಹೊತ್ತು ಮೀರಿದರೆ ಮಾಡಿದ ಉಪವಾಸವೇ ವ್ಯರ್ಥ. ನಾನು ತಟ್ಟೆ ತೆಗೆದಿಟ್ಟೆ.

ಮುಂದಿನ ಸೋಮವಾರ ಅವರು ಕಥೆ ಹೇಳಿದರು. ಎಂಟನೆಯ ವಯಸ್ಸಿನಲ್ಲಿ ಅವರ ಮೊದಲ ಏಕಾದಶಿ. ದೊಡ್ಡವರಂತೆ ನಾನೂ ಮಾಡುತ್ತೇನೆ ಎಂದು ಹಟ ಹಿಡಿದು, ಮಧ್ಯಾಹ್ನದ ಹೊತ್ತಿಗೆ ಹಸಿವು ತಡೆಯದೆ ಅಟ್ಟ ಹತ್ತಿ ಹುರಿಗಡಲೆ ಡಬ್ಬಕ್ಕೆ ಕೈ ಹಾಕಿದರು. ತಂದೆ ನೋಡಿಬಿಟ್ಟರು. ಬೈಯಲಿಲ್ಲ. "ಕೈ ತೆಗಿ ಮಗು. ಬೆಳಿಗ್ಗೆ ನಾನೇ ಎಬ್ಬಿಸ್ತೀನಿ," ಎಂದರು. ಕೋಳಿ ಕೂಗುವ ಮೊದಲೇ ಎಬ್ಬಿಸಿ, ತೊಡೆಯ ಮೇಲೆ ಕೂರಿಸಿಕೊಂಡು, ಅಗಸೆಸೊಪ್ಪು, ನೆಲ್ಲಿಕಾಯಿ ಗೊಜ್ಜು, ಬಿಸಿ ಅನ್ನ ತಮ್ಮ ಕೈಯಾರೆ ತಿನ್ನಿಸಿದರು.

"ಆ ಅನ್ನದ ರುಚಿ ಆಮೇಲೆ ಯಾವತ್ತೂ ಬರಲಿಲ್ಲ. ಅವತ್ತಿಂದ ಒಂದೇ ಒಂದು ಏಕಾದಶಿ ತಪ್ಪಿಲ್ಲ ನಂದು. ಬಾಣಂತಿಯಾಗಿದ್ದಾಗ್ಲೂ," ಎಂದರು.

ಪುಸ್ತಕದಲ್ಲಿ ಹೇಳಿದ ಹುಡುಗಾಟದ ವಯಸ್ಸಿನ ಕೆಲಸ ಇದೇ ಎಂದು ನಾನು ಖುಷಿಯಿಂದ ಬರೆದುಕೊಂಡೆ. ಅದರ ಮುಂದಿನ ವಾರವೂ ಅವರು ಅದೇ ಕಥೆ ಹೇಳಿದರು. ಅದೇ ಅಟ್ಟ, ಅದೇ ಡಬ್ಬ, ನಗು ಕೂಡ ಅದೇ ಜಾಗದಲ್ಲಿ. ಆ ದಿನ ಏಕಾದಶಿ ಎಂದು ಸೇಬನ್ನು ಮತ್ತೆ ಸರಿಸಿದರು. ಹದಿನೈದು ದಿನವಾಗಿತ್ತಲ್ಲ, ನನಗೆ ಸರಿಯಾಗಿಯೇ ಕಂಡಿತು.

ಆದರೆ ಅದೇ ವಾರ ಗುರುವಾರವೋ ಏನೋ ಮಧುರಾಗೆ ಫೋನ್ ಮಾಡಿದಾಗ, ಮಾತಿನ ನಡುವೆ ಅವಳು, "ಅತ್ತೆಗೆ ಇವತ್ತು ಏಕಾದಶಿ. ಲಂಚ್ ಏನೂ ಇಟ್ಟಿಲ್ಲ, ಆರಾಮಾಗಿದೀನಿ," ಎಂದಳು.

"ಸೋಮವಾರ ಅಲ್ವಾ ಇದ್ದದ್ದು?"

"ಅಯ್ಯೋ ಕುಸುಮಾ, ನಮ್ಮ ತಾಯಿ ಮನೇಲಿ ಸ್ಮಾರ್ತರದ್ದು ಒಂದು ದಿನ, ಇವರದ್ದು ಇನ್ನೊಂದು ದಿನ. ಇಲ್ಲಿ ಟೈಮ್ ಡಿಫರೆನ್ಸ್ ಬೇರೆ. ನಾನು ಅದನ್ನ ಫಿಗರ್ ಔಟ್ ಮಾಡೋಕೇ ಹೋಗಲ್ಲ. ನಮ್ಮನೆಗೆ ಅತ್ತೇನೇ ಪಂಚಾಂಗ."

ಅದು ಸತ್ಯ. ಆ ಮನೆಯಲ್ಲಿ ತಿಥಿ ಗೊತ್ತಿದ್ದವರು ಅವರೊಬ್ಬರೇ. ಗುರುರಾಜ ರಾತ್ರಿ ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್ ದಾಟಿ ಮನೆ ಸೇರುವಷ್ಟರಲ್ಲಿ ತಾಯಿ ಮಲಗಿರುತ್ತಿದ್ದರು. ಅವನಿಗೆ ಒಂದು ದಿನ ಏಕಾದಶಿ ಎಂದರೆ ಸೊಸೆಗೆ ಇನ್ನೊಂದು ದಿನ, ಮೊಮ್ಮಗಳು ಮಾನ್ಯಾಗೆ ಮತ್ತೊಂದು ದಿನ. ಯಾರೂ ಕೂತು ಕೂಡಿಸಿ ನೋಡಲಿಲ್ಲ. ತಾಯಿ ವ್ರತದಲ್ಲಿದ್ದಾರೆ ಎಂದರೆ ಬಲವಂತ ಮಾಡುವುದು ಆ ಮನೆಯಲ್ಲಿ ಪಾಪ.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದ ಸೋಮವಾರ. ಮಧುರಾ ನಾನು ಬಂದೆನೆಂದು ಅಂಗಡಿಗೆ ಹೋದಳು. ಬಿಪಿ ಪಟ್ಟಿ ಸುತ್ತುವಾಗ ನನ್ನ ಕೈ ನಿಂತಿತು. ಮೊದಲ ವಾರ ತೋಳಿಗೆ ಸರಿಯಾಗಿ ಹಿಡಿದಿದ್ದ ಪಟ್ಟಿ ಈಗ ಇನ್ನಷ್ಟು ಸುತ್ತಿ ಬಂತು. ಸ್ವೆಟರಿನ ಒಳಗೆ ತೋಳು ಎಂಬುದು ಬರೀ ಎಲುಬಾಗಿತ್ತು. ಬಿಪಿ ತೀರಾ ಕಡಿಮೆ. ಮಧ್ಯಾಹ್ನ ಎಂತ ತಿಂದ್ರಿ ಅಮ್ಮ ಎಂದೆ.

"ಇವತ್ತು ಏಕಾದಶಿ ಅಲ್ವೇನಮ್ಮ."

ಹೊರಗೆ ಐದು ಗಂಟೆಗೇ ಕತ್ತಲಾಗಿತ್ತು. ಕಿಟಕಿಯಾಚೆ, ಎದುರು ಮನೆಯ ಗ್ಯಾರೇಜಿನ ಮೇಲೆ ಚಂದ್ರ ಹುಟ್ಟುತ್ತಿದ್ದ. ತುಂಬು ಚಂದ್ರ. ಹುಣ್ಣಿಮೆಗೆ ನಾಲ್ಕು ದಿನ ಮೊದಲು ಏಕಾದಶಿ ಆಗಿಹೋಗಿರುತ್ತದೆ. ಇದಕ್ಕೆ ಪಂಚಾಂಗ ಬೇಡ, ಮಠ ಬೇಡ, ಆಕಾಶ ನೋಡಿದರೆ ಸಾಕು. ಅಪ್ಪ ದೋಣಿ ಇಳಿಸುವಾಗಲೆಲ್ಲ ಮೊದಲು ನೋಡುತ್ತಿದ್ದದ್ದು ಅದನ್ನೇ.

"ಅಮ್ಮ, ಇವತ್ತು ಹುಣ್ಣಿಮೆ."

ಅವರು ಕಿಟಕಿಯ ಕಡೆ ನೋಡಿದರು. ತುಂಬ ಹೊತ್ತು ನೋಡಿದರು. ಮುಖದಲ್ಲಿ ಮೊದಲು ಸಿಟ್ಟು ಬಂತು, ಆಮೇಲೆ ಅದು ಹೋಗಿ ಹೆದರಿಕೆ ಬಂತು. ಅಟ್ಟದ ಮೇಲೆ ಸಿಕ್ಕಿಬಿದ್ದ ಹುಡುಗಿ ಹೀಗೇ ನೋಡಿರಬೇಕು.

"ತಿಂದ್ನೋ ಇಲ್ವೋ ಗೊತ್ತಾಗಲ್ಲ ಕಣಮ್ಮ," ಎಂದರು ಮೆಲ್ಲಗೆ. "ಊಟ ಆಯ್ತಾ ಅಂತ ಎಲ್ರೂ ಕೇಳ್ತಾರೆ. ಆಯ್ತು ಅಂದ್ರೆ, ಮತ್ತೆ ಫ್ರಿಜ್ಜಲ್ಲಿ ಹಾಗೇ ಇದೆಯಲ್ಲಾ ಅಂತಾರೆ. ಇಲ್ಲ ಅಂದ್ರೆ, ಈಗ ತಾನೇ ತಿಂದ್ರಲ್ಲಾ ಅಂತಾರೆ. ಏಕಾದಶಿ ಅಂದ್ರೆ ಯಾರೂ ಮುಂದಕ್ಕೆ ಕೇಳಲ್ಲ."

ನಾನು ಬಿಪಿ ಪಟ್ಟಿ ಬಿಚ್ಚತೊಡಗಿದೆ. ಅವರು ನನ್ನ ಕೈ ಹಿಡಿದರು.

"ಗುರುರಾಜನಿಗೆ ಹೇಳ್ಬೇಡ. ಹೇಳಿದ್ರೆ ನನ್ನ ಕಳಿಸಲ್ಲ. ಮೈಸೂರಲ್ಲಿ ವೇಣಿ ಕಾಯ್ತಾ ಇರ್ತಾಳೆ. ಹೇಳಲ್ಲ ತಾನೇ?"

ನನಗೆ ಅಳು ಬಂತು, ಮೈಯೆಲ್ಲ ಸಿಟ್ಟೂ ಬಂತು. ಯಾರ ಮೇಲೆ ಎಂದರೆ ಹೇಳಲಾರೆ. ಹಾಳು ಪುಸ್ತಕದ ಮೇಲೆ, ಹೆತ್ತವಳ ತೋಳನ್ನು ಮುಟ್ಟಿ ನೋಡದ ಮಗನ ಮೇಲೆ, ಈ ಕೆಲಸಕ್ಕೆ ನನ್ನನ್ನೇ ಕಳಿಸಿದ ಪುಂಡಲೀಕರ ಮೇಲೆ. ಹೇಳಿದರೆ ಅವರ ಮೈಸೂರು ಹೋಗುತ್ತದೆ. ಹೇಳದಿದ್ದರೆ ಮಾರ್ಚಿನವರೆಗೆ ಈ ಜೀವ ಉಳಿಯುವುದಿಲ್ಲ. ನಾನು ಒಂದು ಲೋಟ ಹಾಲಿಗೆ ಸಕ್ಕರೆ ಹಾಕಿ ತಂದು, ಹುಣ್ಣಿಮೆಗೆ ಹಾಲು ಕುಡಿಯಬಹುದಲ್ಲ ಅಮ್ಮ ಎಂದೆ. ಪೂರ್ತಿ ಕುಡಿದರು. ಕುಡಿದು ಲೋಟದ ತಳವನ್ನು ನೋಡಿದರು.

ಗುರುರಾಜ ಅಂದು ಸ್ವಲ್ಪ ಬೇಗ ಬಂದ. ನಾನು ಅಡಿಗೆಮನೆಗೆ ಕರೆದು ಎಲ್ಲ ಹೇಳಿದೆ. ಅಂಗಡಿಯಿಂದ ಬಂದಿದ್ದ ಮಧುರಾ ಸಿಂಕಿಗೆ ಒರಗಿ ನಿಂತು ಕೇಳಿಸಿಕೊಂಡಳು. ಅವನ ಮುಖ ಕಪ್ಪಿಟ್ಟಿತು.

"ನೋಡಿ ಕುಸುಮಾವತಿಯವರೇ, ನೀವು ಕೋರ್ಸ್ ಮಾಡ್ತಾ ಇದೀರಿ, ರೆಸ್ಪೆಕ್ಟ್ ಇದೆ. ಅದಕ್ಕೆ ನಮ್ಮಮ್ಮನ್ನ ಕೇಸ್ ಸ್ಟಡಿ ಮಾಡ್ಬೇಡಿ. ಹುಟ್ಟಿದಾಗಿಂದ ವ್ರತ ಮಾಡಿರೋಳು ಅವಳು. ನಿಮ್ಮ ಕಡೆ ಇದೆಲ್ಲ ಅಷ್ಟು ಇಲ್ಲ ಅನ್ಸುತ್ತೆ."

ನಿಮ್ಮ ಕಡೆ ಎಂದರೆ ಯಾವ ಕಡೆ ಎಂದು ನನಗೆ ಗೊತ್ತಾಗದೆ ಇರುತ್ತದೆಯೇ? ಮೂಗಿನ ತುದಿಯಲ್ಲೇ ಇದ್ದ ಕೋಪ ಬಾಯಿಗಿಳಿಯಿತು.

"ಇಲ್ಲ ಮಾರಾಯ್ರೆ. ನಾವು ಮೀನು ತಿನ್ನುವವರು. ಏಕಾದಶಿ ನಮಗೆ ಗೊತ್ತಿಲ್ಲ. ಹುಣ್ಣಿಮೆ ಗೊತ್ತುಂಟು. ಹೊರಗೆ ಬನ್ನಿ."

ಅವನು ಬರಲಿಲ್ಲ. ನಾನು ಅವನ ಅಂಗಿಯ ತೋಳು ಹಿಡಿದೇ ಎಳೆದುಕೊಂಡು ಹೋಗಿ ಡ್ರೈವ್‌ವೇಯಲ್ಲಿ ನಿಲ್ಲಿಸಿದೆ. ಪರಗಂಡಸಿನ ಮೈ ಮುಟ್ಟಿ ಎಳೆದದ್ದು ಜೀವನದಲ್ಲಿ ಅದೊಂದೇ ಸಲ. ಚಂದ್ರ ಆಗ ಮರಗಳಿಂದ ಮೇಲೆ ಬಂದಿದ್ದ, ಅವರ ಬಿಳಿ ಕಾರು ಹೊಳೆಯುತ್ತಿತ್ತು. ಅವನು ಕತ್ತೆತ್ತಿ ನೋಡಿದ. ಬಾಯಲ್ಲಿ ಏನೋ ಎಣಿಸಿಕೊಂಡ. ಎಷ್ಟೋ ವರ್ಷದಿಂದ ಎಣಿಸದವನಂತೆ ನಡುವೆ ತಡೆದು, ಮತ್ತೆ ಮೊದಲಿನಿಂದ ಶುರು ಮಾಡಿದ. ಆಮೇಲೆ ನನ್ನ ಮುಖ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನನ್ನ ಬ್ಯಾಗು ಒಳಗೇ ಇತ್ತು. ಮಾನ್ಯಾ ಅದನ್ನು ತಂದು ಕೊಟ್ಟು, "ಅಜ್ಜಿ ಈಸ್ ಮ್ಯಾಡ್ ಅಟ್ ಯೂ, ಆಂಟಿ," ಎಂದಳು. ಕಿಟಕಿಯಲ್ಲಿ ರುಕ್ಮಾಬಾಯಿ ನಿಂತಿದ್ದರು. ನಾನು ಕೈ ಎತ್ತಿದೆ. ಅವರು ಪರದೆ ಎಳೆದುಕೊಂಡರು.

ಆಮೇಲೆ ಎರಡು ಮೂರು ವಾರ ಅವರ ಸುದ್ದಿಯಿಲ್ಲ. ನಾನು ಪೇಪರ್ ಬರೆದು ಕೊಟ್ಟೆ. ಕೊನೆಯ ವಯಸ್ಸಿನ ಕೆಲಸ ಹಿಂತಿರುಗಿ ನೋಡುವುದು ಎಂದು ಬೋರ್ಡಿನಲ್ಲಿ ಬರೆದಿರಿ, ನೆನಪೇ ಕೈಕೊಟ್ಟವರು ಹಿಂತಿರುಗಿ ಏನನ್ನು ನೋಡಬೇಕು ಎಂದು ಕೊನೆಯ ಸಾಲಿನಲ್ಲಿ ಕೇಳಿದ್ದೆ. ಮಿಸೆಸ್ ವಿಟ್‌ಫೀಲ್ಡ್ ಪಕ್ಕದಲ್ಲಿ ಒಳ್ಳೆಯ ಪ್ರಶ್ನೆ ಎಂದು ಕೆಂಪಿನಲ್ಲಿ ಬರೆದು ಎ ಕೊಟ್ಟರು. ಉತ್ತರ ಬರೆದಿರಲಿಲ್ಲ.

ಕ್ರಿಸ್ಮಸ್ ಹತ್ತಿರ ಬಂದಾಗ ಮಧುರಾ ಫೋನ್ ಮಾಡಿದಳು. ಡಾಕ್ಟರಿಗೆ ತೋರಿಸಿದ್ದರು. ಈ ಮರೆವು ಶುರುವಾಗಿ ವರ್ಷವಾದರೂ ಆಗಿದೆ, ಇನ್ನು ಹೆಚ್ಚುತ್ತಲೇ ಹೋಗುತ್ತದೆ, ಒಂದು ಹೊತ್ತೂ ಖಾಲಿ ಹೊಟ್ಟೆಯಲ್ಲಿ ಬಿಡಬೇಡಿ ಎಂದಿದ್ದರಂತೆ. ಮಾರ್ಚಿನ ಟಿಕೆಟ್ ಕ್ಯಾನ್ಸಲ್ ಮಾಡಿದ್ದರು. ಅದನ್ನು ಅತ್ತೆಗೆ ಹೇಳಿರಲಿಲ್ಲ.

"ಮೊದಮೊದಲು ಭಯಂಕರ ಆಯ್ತು ಕುಸುಮಾ. ಇವತ್ತು ಏಕಾದಶಿ ಅಲ್ಲ ಅತ್ತೆ, ತಿನ್ನಿ ಅಂದ್ರೆ ಬಾಯಿ ಬಿಗಿ ಹಿಡಿದು ಅಳೋರು. ನನ್ನ ವ್ರತ ಕೆಡಿಸ್ತಿದೀರಿ, ಅಣ್ಣಯ್ಯನಿಗೆ ಏನು ಹೇಳಲಿ ಅಂತ. ಅಣ್ಣಯ್ಯ ಅಂದ್ರೆ ಅವರ ತಂದೆ. ನಾವು ಸುಳ್ಳು ಹೇಳ್ತೀವಿ ಅಂತ ನೀರೂ ಬಿಟ್ರು." ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. "ಈಗ ತಿಂತಾರೆ. ಇವರು ರಜಾ ಹಾಕಿ ಮನೇಲಿದಾರೆ. ಶುಕ್ರವಾರ ಬೆಳಿಗ್ಗೆ ಬನ್ನಿ. ಇವರೇ ಕರೀ ಅಂದ್ರು."

ಶುಕ್ರವಾರ ಹೋದೆ. ಹೊರಗೆ ಬಿಳಿಯ ಹಿಮಗಡ್ಡೆ ಕಟ್ಟಿದ ಹುಲ್ಲು, ಎದುರು ಮನೆಯಲ್ಲಿ ಹಗಲಲ್ಲೂ ಉರಿಯುತ್ತಿದ್ದ ಬಣ್ಣದ ದೀಪಗಳು. ಗುರುರಾಜನೇ ಬಾಗಿಲು ತೆಗೆದ. ಸ್ನಾನವಾಗಿ ಪಂಚೆ ಉಟ್ಟಿದ್ದ, ಹಣೆಯಲ್ಲಿ ಗೋಪೀಚಂದನ. ಅವನನ್ನು ಹಾಗೆ ನಾನು ನೋಡಿಯೇ ಇರಲಿಲ್ಲ. ಬನ್ನಿ ಎಂದ, ಅಷ್ಟೇ. ತಾಯಿಯ ಕೋಣೆಗೆ ಹೋಗಿ ಲೈಟ್ ಹಾಕಿದ.

"ಅಮ್ಮ, ಏಳು. ದ್ವಾದಶಿ. ಪಾರಣೆಗೆ ಹೊತ್ತಾಗುತ್ತೆ."

ಮಂಚದ ಮೇಲೆ ಮುದುರಿಕೊಂಡಿದ್ದ ಜೀವ ತಟ್ಟನೆ ಎದ್ದು ಕೂತಿತು. "ಅಯ್ಯೋ, ಆಗ್ಲೇ ಬೆಳಗಾಯ್ತಾ? ಮೊದ್ಲೇ ಎಬ್ಬಿಸೋದಲ್ವಾ?" ಎಂದು ಕಾಲಿಗೆ ಕಾಲು ತೊಡರಿಸಿಕೊಳ್ಳುತ್ತ ಬಂದರು. ಮುಖ ತೊಳೆದು ಊಟದ ಮೇಜಿಗೆ ಬಂದವರ ಕಣ್ಣಲ್ಲಿ ಮಕ್ಕಳ ಹಸಿವಿತ್ತು.

ಮಧುರಾ ಬಿಸಿ ಅನ್ನ ತಂದಳು. ಇಂಡಿಯನ್ ಸ್ಟೋರಿನ ಫ್ರೀಜರಿನಲ್ಲಿ ಸಿಕ್ಕಿದ ನೆಲ್ಲಿಕಾಯಿಯ ಗೊಜ್ಜು ಮಾಡಿದ್ದಳು. ಅಗಸೆಸೊಪ್ಪಿನ ಬದಲು ಪಾಲಕ್.

"ಅಗಸೆಸೊಪ್ಪು ಎಲ್ಲಿ ಸಿಗ್ತೋ ಇಲ್ಲಿ?"

"ಸಿಗುತ್ತಮ್ಮ. ತಿನ್ನು."

ಗುರುರಾಜ ಪಕ್ಕದಲ್ಲಿ ಕೂತು ಕಲಸಿ ತುತ್ತು ಮಾಡಿ ಕೊಟ್ಟ. ಅವರು ತಿಂದರು. ಮಾತಾಡದೆ, ತಲೆ ಎತ್ತದೆ ತಿಂದರು. ತೋಳು ಇನ್ನೂ ಎಲುಬೇ. ಆದರೆ ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ಅರ್ಧ ಊಟದಲ್ಲಿ ಕೈ ಅಡ್ಡ ಹಿಡಿದು ಮಗನ ಮುಖ ನೋಡಿದರು.

"ನಿನ್ನೆ ನಾನು ಸರಿಯಾಗಿ ಮಾಡಿದ್ನೇನೋ?"

"ಮಾಡಿದೆ ಅಮ್ಮ."

"ನೀರು ಕುಡೀಲಿಲ್ವಾ?"

"ಒಂದು ತೊಟ್ಟೂ ಮುಟ್ಟಲಿಲ್ಲ. ನಾನೇ ನೋಡಿದೀನಿ."

ಅವರು ತಲೆದೂಗಿ, ನಿಟ್ಟುಸಿರು ಬಿಟ್ಟು, ಮುಂದಿನ ತುತ್ತಿಗೆ ಬಾಯಿ ತೆರೆದರು. ದಿನವೂ ಇದೇ ಪ್ರಶ್ನೆ, ದಿನವೂ ಇದೇ ಉತ್ತರ ಎಂದು ಮಧುರಾ ನನ್ನ ಕಿವಿಯಲ್ಲಿ ಹೇಳಿದಳು. ಆ ಮನೆಯಲ್ಲಿ ಈಗ ದಿನಬೆಳಗಾದರೆ ದ್ವಾದಶಿ.

ಕೈ ತೊಳೆದ ಮೇಲೆ ರುಕ್ಮಾಬಾಯಿ ನನ್ನನ್ನು ಗುರುತಿಸಿದರು, ಅಥವಾ ಗುರುತಿಸಿದ ಹಾಗೆ ಮಾಡಿದರು. ಪರದೆ ಎಳೆದದ್ದು ಅವರಿಗೆ ನೆನಪಿರಲಿಲ್ಲ. ನನಗೆ ಅದರಿಂದ ಸಮಾಧಾನವಾಗಲಿಲ್ಲ.

"ಬರೆದ್ಯೇನಮ್ಮ? ಮುದುಕಿ ಚೆನ್ನಾಗಿದಾಳೆ ಅಂತ?"

"ಬರ್ದಿದ್ದೇನೆ ಅಮ್ಮ. ಒಳ್ಳೆ ಮಾರ್ಕ್ ಬಂತು."

"ಹಾಗಾದ್ರೆ ಸರಿ. ಮಾರ್ಚಿಗೆ ಹೋಗ್ತೀನಿ," ಎಂದು ಮಗನ ಕಡೆ ನೋಡಿದರು. ಅವನು ಹೂಂ ಎಂದ.

ಮಧುರಾ ಕಾಫಿ ತಂದಳು. ನನಗೊಂದು ಲೋಟ, ತನಗೊಂದು ಲೋಟ. ಗಂಡನಿಗೆ ತಂದಿರಲಿಲ್ಲ. ಪಾರಣೆಯ ಅನ್ನವನ್ನೂ ಅವನು ತಿಂದಿರಲಿಲ್ಲ. ನಾನು ಹೊರಟಾಗ ಬಾಗಿಲವರೆಗೆ ಬಂದ. ಅವನ ತುಟಿ ಒಣಗಿ ಬಿಳಿಚಿತ್ತು. ಚಪ್ಪಲಿ ಸ್ಟ್ಯಾಂಡಿನ ಮೇಲೆ ಊರಿನಿಂದ ತರಿಸಿದ ಹೊಸ ಪಂಚಾಂಗ ಇತ್ತು. ಅವನು ಅದರ ಮೇಲೆ ಕೈಯಿಟ್ಟು, ಒಳಗೆ ಕೇಳಿಸದಂತೆ ಮಾತಾಡಿದ.

"ಇವತ್ತು ನಿಜವಾದ ಏಕಾದಶಿ. ವೈಕುಂಠ ಏಕಾದಶಿ. ವರ್ಷದಲ್ಲೆಲ್ಲ ದೊಡ್ಡದು. ಅವಳಿಗೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ." ಸ್ವಲ್ಪ ತಡೆದು, "ಈ ದೇಶಕ್ಕೆ ಬಂದ ಮೇಲೆ ನಾನು ಒಂದೂ ಮಾಡಿರಲಿಲ್ಲ. ಅವಳದ್ದು ತಪ್ಪಬಾರದಲ್ಲ. ಇನ್ನು ಮೇಲೆ ನಾನು ಮಾಡ್ತೀನಿ," ಎಂದ.

ಅಂದು ಅಂಗಿ ಹಿಡಿದು ಎಳೆದದ್ದಕ್ಕೆ ಕ್ಷಮೆ ಕೇಳೋಣ ಎಂದುಕೊಂಡೇ ಹೋಗಿದ್ದೆ. ಅಷ್ಟರಲ್ಲಿ ಒಳಗಿನಿಂದ ರುಕ್ಮಾಬಾಯಿಯವರ ದನಿ ಕೇಳಿಸಿತು, ತುಂಬಿದ ಹೊಟ್ಟೆಯ, ನಿರಾಳವಾದ ದನಿ.

"ಗುರುರಾಜಾ, ನೀನು ಪಾರಣೆ ಮಾಡಿದ್ಯೇನೋ?"

"ಆಯ್ತಮ್ಮ," ಎಂದ ಅವನು.